ನಜ್ಮಾ ಮಿಸ್ಸಿನ ಬೇಡಿಕೆ

ನಜ್ಮುನ್ನೀಸಾ ಮೇಡಂ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾರೆ ಎಂದರೆ ಇತಿಹಾಸ ಹೇಳಿಕೊಡುತ್ತಾರೆ ಎಂದೇ ಅರ್ಥವಾಗಿತ್ತು, ಮೊನ್ನೆ ಮೊನ್ನೆಯವರೆಗೂ. ಸುಳ್ಳು ಯಾಕೆ ಹೇಳಬೇಕು, ಆ ವಿಷಯದ ಮೇಷ್ಟ್ರುಗಳಲ್ಲಿ ಮುಕ್ಕಾಲು ಜನ ಹಾಗೇ. ಪುಸ್ತಕ ತೆರೆದರೆ ಮೊದಲು ಇತಿಹಾಸ. ಆಮೇಲೆ ರಾಜ್ಯಶಾಸ್ತ್ರ, ಭೂಗೋಳ. ಎಲ್ಲ ಮುಗಿದ ಮೇಲೆ, ಮದುವೆಮನೆಯಲ್ಲಿ ಕೊನೇ ಪಂಕ್ತಿಗೆ ಉಳಿದ ನೆಂಟನ ಹಾಗೆ, ಪುಸ್ತಕದ ತುದಿಯಲ್ಲಿ ಅರ್ಥಶಾಸ್ತ್ರ. ಶಾಲೆ ಶುರುವಾದಾಗ ರಾಜರುಗಳನ್ನು ಆನೆ ಮೇಲೆ ಕೂರಿಸಿ ನಿಧಾನವಾಗಿ ಮೆರವಣಿಗೆ ಮಾಡಿಸುವುದು, ಪರೀಕ್ಷೆ ತಲೆ ಮೇಲೆ ಬಂದಾಗ ಅರ್ಥಶಾಸ್ತ್ರಕ್ಕೆ ಬಂದು, "ಇಲ್ಲಿಂದ ಇಲ್ಲಿಗೆ ಗೆರೆ ಎಳ್ಕೊಳ್ಳಿ, ಇದು ಬಂದೇ ಬರ್ತದೆ" ಎಂದು ಹೇಳಿ ಕೈತೊಳೆದುಕೊಳ್ಳುವುದು. ಮಕ್ಕಳೂ ಖುಷಿ, ಮೇಡಮ್ಮೂ ಖುಷಿ.

ಅವರ ತಪ್ಪೂ ಅಲ್ಲ ಅನ್ನಿ. ಶಿರಾದಲ್ಲಿ ಬಳೆ ಅಂಗಡಿ ಇಟ್ಟಿದ್ದ ನಿಯಾಜ್ ಅಹಮದ್ ಸಾಹೇಬರ ಮಗಳು ಅವರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಕನ್ನಡ ಅವರಿಗೆ ಬೀದಿಯಿಂದ ಬಂದದ್ದಕ್ಕಿಂತ ಮೇಷ್ಟ್ರುಗಳ ಬಾಯಿಂದ, ಪುಸ್ತಕದ ಹಾಳೆಯಿಂದ ಬಂದದ್ದೇ ಹೆಚ್ಚು. ಅದಕ್ಕೇ ಅವರ ಕನ್ನಡ ಇಸ್ತ್ರಿ ಮಾಡಿದ ಹಾಗೆ ನೀಟಾಗಿತ್ತು. ಕಾಲೇಜಿನಲ್ಲಿ ಇತಿಹಾಸವನ್ನು ಪ್ರೀತಿಯಿಂದ ಓದಿದರು, ಅರ್ಥಶಾಸ್ತ್ರವನ್ನು ಗೈಡು ಇಟ್ಟುಕೊಂಡು ಉರು ಹೊಡೆದರು. ಪಾಸಾದ ದಿನ ಆ ಗೈಡನ್ನು ತಂಗಿಗೆ ದಾಟಿಸಿ ಉಸ್ಸಪ್ಪ ಅಂದಿದ್ದರು. ಆಮೇಲೆ ಕೆಲಸ ಸಿಕ್ಕಿತು, ಮದುವೆಯಾಯಿತು. ಗಂಡ ಇಜಾಜ್ ಮಧುಗಿರಿಯಲ್ಲಿ ಟೈಲರು. ಮೇಡಂ ದಿನಾ ಬೆಳಗ್ಗೆ ಪಾವಗಡದ ಬಸ್ಸು ಹತ್ತಿ, ಮಿಡಿಗೇಶಿ ದಾಟಿ, ರಸ್ತೆ ಪಕ್ಕದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಇಳಿಯುತ್ತಾರೆ. ಅಲ್ಲಿ ಅವರು ಮಕ್ಕಳಿಗೆಲ್ಲ ನಜ್ಮಾ ಮಿಸ್.

ಈ ನಜ್ಮಾ ಮಿಸ್ಸಿಗೆ ಅರ್ಥಶಾಸ್ತ್ರದ ಹುಚ್ಚು ಹಿಡಿಸಿದ್ದು ಒಂಬತ್ತನೇ ತರಗತಿಯ ಒಂದು ಹುಡುಗಿ.

ಅವತ್ತು ಎಂದಿನ ಹಾಗೆ ಓಡಿಸಿಕೊಂಡು ಹೋಗುತ್ತಿದ್ದರು. ಉಚಿತ ಸರಕುಗಳು ಎಂಬ ಪಾಠ. "ಪ್ರಕೃತಿ ನಮಗೆ ಬಿಟ್ಟಿಯಾಗಿ ಕೊಡೋದು ಉಚಿತ ಸರಕು. ಉದಾಹರಣೆಗೆ ಗಾಳಿ, ನೀರು, ಬಿಸಿಲು. ಬರ್ಕೊಳ್ಳಿ," ಎಂದರು. ಹಿಂದಿನ ಬೆಂಚಿನಿಂದ ಕಿಸಕ್ ಎಂದು ನಗು.

"ಯಾರದು? ಏನು ನಗು?"

"ಮಿಸ್, ನೀರು ಬಿಟ್ಟಿ ಎಲ್ಲೈತೆ? ಫಿಲ್ಟರ್ ನೀರಿನ ಮಿಷನ್ನಿಗೆ ಕಾಸು ಹಾಕ್ದೆ ಒಂದು ತೊಟ್ಟೂ ಬರಕಿಲ್ಲ," ಎಂದ ಒಬ್ಬ.

ಮೇಡಂ ಬೋರ್ಡಿನ ಮೇಲಿದ್ದ ನೀರು ಎಂಬ ಪದವನ್ನು ಒರೆಸಿದರು. ಆಗ ಕಿಟಕಿ ಪಕ್ಕದಲ್ಲಿ ಎದ್ದು ನಿಂತವಳು ತೇಜಸ್ವಿನಿ. ಪಾವಗಡದ ಕಡೆ ವಳ್ಳೂರಿನವಳು, ಇಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಮನೆಮಾತು ತೆಲುಗು. ಬಾಯಿ ಬಿಟ್ಟರೆ ಎರಡು ಭಾಷೆಯೂ ಒಟ್ಟಿಗೆ ಬಾಗಿಲಿಗೆ ಬಂದು ನೂಕಾಡುತ್ತಿದ್ದವು.

"ಮಿಸ್, ಬಿಸಿಲೂ ಬಿಟ್ಟಿ ಕಾದು, ಬಿಟ್ಟಿ ಅಲ್ಲ ಮಿಸ್. ನಮ್ಮ ಮಾವ ಹೊಲನ ಬಿಸಿಲಿಗೇ ಬಾಡಿಗೆ ಕೊಟ್ಟವ್ನೆ. ವರ್ಷ ವರ್ಷ ದುಡ್ಡು ಬತ್ತದೆ, ಒಂದು ಕಾಳೂ ಬಿತ್ತದಿಲ್ಲ."

ತರಗತಿ ಹೋ ಎಂದಿತು. ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರ ಕತೆ ಅಲ್ಲಿ ಯಾರಿಗೂ ಹೊಸದಲ್ಲ. ಆದರೆ ಬಿಸಿಲಿಗೆ ಬಾಡಿಗೆ ಎಂಬ ಮಾತು ಕೇಳಿ ನಜ್ಮುನ್ನೀಸಾ ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಲ್ಲಿಸಿದರು. ಬಿಸಿಲನ್ನೂ ಒರೆಸಿದ ಮೇಲೆ ಬೋರ್ಡಿನ ಮೇಲೆ ಉಳಿದದ್ದು ಗಾಳಿ ಒಂದೇ. ಅಷ್ಟರಲ್ಲಿ ಇನ್ನೊಬ್ಬ, "ಮಿಸ್, ಸೈಕಲ್ ಶಾಪಲ್ಲಿ ಗಾಳಿಗೂ ಕಾಸು ಈಸ್ಕೋತಾರೆ," ಎಂದು ಅದನ್ನೂ ಕಿತ್ತುಕೊಂಡ. ಮೇಡಂ ಕುರ್ಚಿಯಲ್ಲಿ ಕೂತು ಮಕ್ಕಳ ಜೊತೆ ತಾವೂ ನಕ್ಕರು. ಗಾಳಿಗೆ ಕಾಸೋ, ಗಾಳಿ ತುಂಬುವ ಕೆಲಸಕ್ಕೆ ಕಾಸೋ ಎಂದು ಬೆಲ್ಲು ಹೊಡೆಯುವವರೆಗೂ ಚರ್ಚೆ. ಇಷ್ಟು ವರ್ಷ ಆ ಪಾಠ ಮಾಡಿ ಆ ಪಾಠದಲ್ಲಿ ನಕ್ಕದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು ನೋಡಿ. ಬಸ್ಸಿನಲ್ಲಿ ಕೂತರೆ ಟಿಕೆಟ್ಟಿನ ದರ ಯಾರು ಹೇಗೆ ಗೊತ್ತುಮಾಡುತ್ತಾರೆ ಎಂದು ಯೋಚನೆ. ಸಂತೆಗೆ ಹೋದರೆ ಕೊತ್ತಂಬರಿ ಕೊಳ್ಳುವುದು ಬಿಟ್ಟು, ಬೆಳಗ್ಗಿನ ಕಟ್ಟು ಸಂಜೆಗೆ ಯಾಕೆ ಅಗ್ಗ ಎಂದು ವಿಚಾರಣೆ. ಮನೆಗೆ ಬಂದರೆ ಗಂಡನ ತಲೆ ತಿನ್ನುವುದು.

"ಪ್ಯಾಂಟು ಹೊಲಿಯೋಕೆ ನೀವು ಅಷ್ಟೇ ಯಾಕೆ ತಗೋತೀರಿ?"

"ಪಕ್ಕದಂಗಡಿಯವನೂ ಅಷ್ಟೇ ತಗೋತಾನಲ್ಲ."

"ಅವನು ಯಾಕೆ ಅಷ್ಟು ತಗೋತಾನೆ?"

"ನಾನು ಅಷ್ಟು ತಗೋತೀನಿ ಅಂತ," ಎಂದ ಇಜಾಜ್, ಬಾಯಲ್ಲಿ ದಾರ ಕಚ್ಚಿಕೊಂಡೇ. ಉರ್ದುವಿನಲ್ಲಿ ನಡೆದ ಈ ಸಂಭಾಷಣೆಯನ್ನು ಮೇಡಂ ಮಾರನೇ ದಿನ ತರಗತಿಯಲ್ಲಿ ಕನ್ನಡಕ್ಕೆ ತಂದು ಹೇಳಿದಾಗ ಮಕ್ಕಳು ಬೆಂಚು ಬಡಿದರು. ಮುಂದಿನ ವರ್ಷದಿಂದ ಅರ್ಥಶಾಸ್ತ್ರವನ್ನು ಕೊನೆಯಲ್ಲಿ ಕೂರಿಸುವುದಿಲ್ಲ ಎಂದು ತೀರ್ಮಾನಿಸಿದ ಮೇಡಂ, ಈ ವರ್ಷವೇ ವಾರಕ್ಕೆರಡು ಪಿರಿಯಡ್ಡನ್ನು ಅದಕ್ಕೆಂದೇ ತೆಗೆದಿಟ್ಟರು. ನಲವತ್ತು ದಾಟಿದ ಮೇಲೆ ಹೊಸದೊಂದರ ಮೇಲೆ ಮನಸ್ಸಾಗುವುದು ಎಷ್ಟು ಜನಕ್ಕಿದೆ! ಅವರಿಗೆ ಒಳಗೊಳಗೇ ಜಂಬ.

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಬೇಡಿಕೆಯ ಪಾಠದಲ್ಲಿ.

ಪಾಠ ಸಲೀಸು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಬೆಲೆ ಇಳಿದರೆ ಬೇಡಿಕೆ ಏರುತ್ತದೆ. ಬೇಡಿಕೆ ಎಂದರೇನು ಎಂದು ಬಿಡಿಸಿ ಹೇಳುವುದಕ್ಕೂ ಹೋಗಲಿಲ್ಲ. ಅಷ್ಟು ಗೊತ್ತಾಗದ ಮಕ್ಕಳೇ ಅವು? ಟೊಮೇಟೊ ಬೆಲೆ, ಕನಕಾಂಬರದ ಬೆಲೆ, ಎಲ್ಲ ಉದಾಹರಣೆ ಕೊಟ್ಟು, ಬೋರ್ಡಿನ ಮೇಲೆ ಮೇಲಿಂದ ಕೆಳಕ್ಕೆ ಜಾರುವ ಗೆರೆ ಎಳೆದು ತೋರಿಸಿದರು. ಮಕ್ಕಳು ತಲೆ ಅಲ್ಲಾಡಿಸಿದವು. ಮೇಡಂ ನಂಬಿದರು.

ಟೆಸ್ಟು ಕೊಟ್ಟರು. ಪೇಪರು ತಿದ್ದಲು ಕೂತರು. ಅರ್ಧಕ್ಕರ್ಧ ತರಗತಿ "ಬೆಲೆ ಏರಿದರೆ ಬೇಡಿಕೆ ಏರುತ್ತದೆ" ಎಂದು ಬರೆದಿತ್ತು. ಜಾರಬೇಕಾದ ಗೆರೆ ಮಿಡಿಗೇಶಿ ಬೆಟ್ಟ ಹತ್ತುವ ಹಾಗೆ ಮೇಲಕ್ಕೆ ಹತ್ತಿತ್ತು. ಅದಕ್ಕಿಂತ ಉರಿ ಹತ್ತಿಸಿದ್ದು ಯಾರು ಸರಿ ಬರೆದಿದ್ದರು ಎಂಬುದು. ಪಾಠ ಕೇಳದೆ ಕಿಟಕಿಯಾಚೆ ನೋಡುತ್ತ, ಟೆಸ್ಟಿನ ಹಿಂದಿನ ದಿನ ಉರು ಹೊಡೆದು ಬಂದವರದ್ದೆಲ್ಲ ಸರಿ. ಪ್ರಶ್ನೆ ಕೇಳುತ್ತಿದ್ದವರದ್ದು, ಬೆಂಚು ಬಡಿದು ನಗುತ್ತಿದ್ದವರದ್ದು ತಪ್ಪು. ಬಿಸಿಲಿಗೆ ಬಾಡಿಗೆ ಎಂದ ತೇಜಸ್ವಿನಿಗೆ ಆ ಪ್ರಶ್ನೆಗೆ ಸೊನ್ನೆ.

ಮಾರನೇ ದಿನ ಮೇಡಂ ಎಂದೂ ರೇಗದಷ್ಟು ರೇಗಿದರು. "ಇಷ್ಟು ದಿನ ನಾನು ಗೋಡೆಗೆ ಪಾಠ ಮಾಡಿದ್ನಾ? ಏನೇ ತೇಜಸ್ವಿನಿ, ಕನಕಾಂಬರದ ಬೆಲೆ ಏರಿದ್ರೆ ನಿಮ್ಮ ದೊಡ್ಡಮ್ಮ ಎರಡು ಮೊಳ ಜಾಸ್ತಿ ತಗೋತಾರಾ?"

"ಇಲ್ಲ ಮಿಸ್. ಬ್ಯಾಡ ಅಂತ ಬಂದ್ಬುಡ್ತಾರೆ."

"ಮತ್ತೆ? ಬಾಯಲ್ಲಿ ಸರಿ ಹೇಳ್ತೀಯ, ಬರೆಯೋವಾಗ ಏನಾಗತ್ತೆ ನಿಂಗೆ?"

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. ತಾನು ಬರೆದದ್ದೂ ಅದನ್ನೇ ಅಲ್ಲವೇ ಎಂಬಂತೆ ಮಿಸ್ಸಿನ ಮುಖ ನೋಡಿ, ಇನ್ನೂ ಬೈಗುಳ ಯಾಕೆ ಬೇಕು ಎಂದು ತಲೆ ತಗ್ಗಿಸಿ ಕೂತಳು. ಅವತ್ತಿನಿಂದ ಪ್ರಶ್ನೆ ಕೇಳುವುದನ್ನೂ ಬಿಟ್ಟಳು.

ಸುದ್ದಿ ಹೆಡ್ ಮಾಸ್ಟರ್ ಜಯರಾಮಯ್ಯನವರ ಕಿವಿಗೆ ಬಿತ್ತು. ಒಳ್ಳೆಯ ಮನುಷ್ಯ, ಆದರೆ ರಿಸಲ್ಟು ಎಂದರೆ ಅವರಿಗೆ ರಕ್ತದೊತ್ತಡ. ಮೇಡಮ್ಮನ್ನು ಕರೆದು ಕೂರಿಸಿ, ಟೀ ತರಿಸಿ, ತುಂಬಾ ನಾಜೂಕಾಗಿಯೇ ಹೇಳಿದರು. "ನೋಡಿ ಮೇಡಂ, ಮುಂದಿನ ವರ್ಷ ಇದೇ ಬ್ಯಾಚು ಎಸ್ಸೆಸ್ಸೆಲ್ಸಿಗೆ ಕೂರೋದು. ಹೆಂಗೂ ಅತಿಥಿ ಶಿಕ್ಷಕರು ಮೋಹನ್ ಕುಮಾರ್ ಬಂದವ್ರೆ. ಎಕನಾಮಿಕ್ಸಲ್ಲೇ ಎಂ.ಎ. ಮಾಡವ್ರೆ. ಸೋಮವಾರದಿಂದ ಒಂಬತ್ತನೇ ಕ್ಲಾಸಿನ ಅರ್ಥಶಾಸ್ತ್ರ ಅವ್ರು ತಗೊಳ್ಳಿ. ನಿಮ್ದು ಇತಿಹಾಸ ಐತಲ್ಲ, ಅದನ್ನ ಯಾರೂ ಮುಟ್ಟಕಿಲ್ಲ. ನಿಮ್ಗೂ ಹೊರೆ ಇಳೀತದೆ."

"ಆಗ್ಲಿ ಸಾರ್," ಎಂದರು ನಜ್ಮುನ್ನೀಸಾ. ಬೇರೇನು ಹೇಳುವುದು? ಸೊನ್ನೆಗಳನ್ನು ಹಾಕಿದ್ದು ಅವರದೇ ಕೈ. ಟೀ ಕುಡಿದು ಎದ್ದು ಬಂದರು.

ಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಗಂಡನಿಗೆ ಹೇಳಿದರು. ಇಜಾಜ್ ಖುಷಿಪಟ್ಟ. "ಒಳ್ಳೇದೇ ಆಯ್ತು ಬಿಡು. ನಿಂಗೆ ಮೊದಲಿಂದ ಇತಿಹಾಸ ತಾನೇ ಇಷ್ಟ?" ಎಂದ. ಹೌದು, ಇಷ್ಟವೇ. ಹಾಗಾದರೆ ಈ ಹೊಟ್ಟೆಕಿಚ್ಚು ಯಾತಕ್ಕೆ? ಮೋಹನ್ ಕುಮಾರನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದರೆ ಅವನು ಸಿಟ್ಟಿಗೆ ಸಿಗುವ ಹುಡುಗನೂ ಅಲ್ಲ. ಎದುರಿಗೆ ಸಿಕ್ಕಾಗೆಲ್ಲ ನಮಸ್ಕಾರ ಮೇಡಂ ಎಂದು ದಾರಿ ಬಿಟ್ಟು ನಿಲ್ಲುತ್ತಿದ್ದ. ಬಿಸಿಲಿಗೆ ಬಾಡಿಗೆ ಎಂದು ಹೇಳುವ ಮಕ್ಕಳು ನಾಳೆ ಅವನೆದುರು ಹೇಳುತ್ತವೆ, ಅವನು ನಗುತ್ತಾನೆ, ನಾನು ಪಕ್ಕದ ಕೋಣೆಯಲ್ಲಿ ಯುದ್ಧದ ಇಸವಿ ಬರೆಸುತ್ತಿರುತ್ತೇನೆ. ಇದನ್ನು ನೆನೆದು ಮೇಡಮ್ಮಿಗೆ ಅಳುವೇ ಬಂತು. ಈರುಳ್ಳಿ ಇದ್ದದ್ದು ಅನುಕೂಲವಾಯಿತು.

ಆ ವಾರವೇ ಒಂದು ದಿನ ಬಿಸಿಯೂಟದ ಉಸ್ತುವಾರಿ ಮೇಡಮ್ಮಿನದು. ಮಕ್ಕಳು ವರಾಂಡದಲ್ಲಿ ಸಾಲಾಗಿ ಕೂತಿದ್ದವು. ಅಡುಗೆಯ ಚಿಕ್ಕಲಕ್ಷ್ಮಮ್ಮ ಸಾಂಬಾರಿನ ಬಕೆಟ್ಟು ಹಿಡಿದು ಎರಡನೇ ಸುತ್ತು ಬಂದಳು. ಅವಳ ಸಾಂಬಾರು ಮೊದಲನೇ ಸುತ್ತಿಗೆ ಚೆನ್ನಾಗಿರುತ್ತದೆ, ಎರಡನೇ ಸುತ್ತಿಗೆ ತಳದ ಸೋರೆಕಾಯಿಯೆಲ್ಲ ಬರುತ್ತದೆ ಎಂದು ಶಾಲೆಗೆಲ್ಲ ಗೊತ್ತು. ಸೌಟು ಎತ್ತಿದ್ದೇ ತಡ, ಒಂಬತ್ತನೇ ತರಗತಿಯ ಸಾಲಿನಲ್ಲಿ ಒಂದೊಂದೇ ತಟ್ಟೆಯ ಮೇಲೆ ಅಂಗೈ ಅಡ್ಡ ಬಂತು.

"ಅಕ್ಕಾ, ಬೇಡಿಕೆ!"

"ನಂಗೂ ಬೇಡಿಕೆ ಕಣಕ್ಕ!"

"ನಂದು ಫುಲ್ ಬೇಡಿಕೆ!"

ಮೇಡಮ್ಮಿನ ಕಿವಿ ನೆಟ್ಟಗಾಯಿತು. "ಏನಂದ್ರೋ?"

ಚಿಕ್ಕಲಕ್ಷ್ಮಮ್ಮ ಸೌಟನ್ನು ಬಕೆಟ್ಟಿಗೆ ಇಳಿಬಿಟ್ಟು ಮುಖ ಸಿಂಡರಿಸಿದಳು. "ಅಯ್ಯೋ, ಅದೇನೋ ಹೊಸ ಮಾತು ಕಲ್ತವೆ ಕಣ್ರೀ ಮೇಡಮ್ಮಾರೆ. ಬ್ಯಾಡ ಅನ್ನಕೆ ಬೇಡಿಕೆ ಅಂತವೆ. ಹದಿನೈದು ದಿನದಿಂದ ಇದೇ ಆಗೈತೆ. ಸೋರೆಕಾಯಿ ಮಾಡಿದ್ ದಿನ ಬೇಡಿಕೆ ಜಾಸ್ತಿಯಂತೆ!"

ನಜ್ಮುನ್ನೀಸಾ ಗೋಡೆ ಹಿಡಿದು ನಿಂತರು. ಬೇಡಿಕೆ. ಬೇಡ. ಯಾ ಅಲ್ಲಾ! ಒಂದು ಕ್ಷಣದಲ್ಲಿ ಎಲ್ಲ ಬಿಚ್ಚಿಕೊಂಡಿತು. ಬೆಲೆ ಏರಿದರೆ ಕೊಳ್ಳುವವರು ಬೇಡ ಎನ್ನುತ್ತಾರೆ. ಬೇಡ ಎನ್ನುವುದೇ ಬೇಡಿಕೆಯಾದರೆ, ಬೆಲೆ ಏರಿದಾಗ ಬೇಡಿಕೆ ಏರಲೇಬೇಕು. ಗೆರೆ ಬೆಟ್ಟ ಹತ್ತಲೇಬೇಕು. ಯೋಚನೆ ಮಾಡಿದ ಮಕ್ಕಳೆಲ್ಲ ಸರಿಯಾಗಿ ಯೋಚನೆ ಮಾಡಿಯೇ ತಪ್ಪು ಬರೆದಿದ್ದವು. ಏನೂ ಯೋಚಿಸದೆ ಉರು ಹೊಡೆದವು ಪಾಸಾಗಿದ್ದವು.

ತಮಗೆ ಇದು ಯಾಕೆ ಹೊಳೆಯಲಿಲ್ಲ? ಅದೂ ಅಲ್ಲೇ ನಿಂತಲ್ಲೇ ತಿಳಿಯಿತು. ಶಿರಾದ ಶಾಲೆಯಲ್ಲಿ ಬೇಡಿಕೆ ಎಂಬ ಪದ ಮೊದಲು ಎದುರಾದಾಗ ಅದರ ತಲೆ ಮೇಲೆ ಅಬ್ಬಾಜಾನ್ ಹೇಳಿಕೊಟ್ಟ "ಮಾಂಗ್" ಎಂಬ ಉರ್ದು ಪದವನ್ನು ಬರೆದುಕೊಂಡಿದ್ದರು. ಮಾಂಗ್ ಎಂದರೆ ಕೇಳುವುದು. ಅರ್ಥ ಮೊದಲೇ ಕೈಗೆ ಸಿಕ್ಕಿದ್ದರಿಂದ ಆ ಪದದೊಳಗೆ ಬೇಡ ಎನ್ನುವ ಸದ್ದು ಅವರ ಕಿವಿಗೆ ಎಂದೂ ಬಿದ್ದಿರಲಿಲ್ಲ. ತೊಟ್ಟಿಲಿನಿಂದಲೋ ಬೀದಿಯಿಂದಲೋ ಕನ್ನಡ ಕೇಳಿದ ಮಕ್ಕಳಿಗೆ ಅದೇ ಮೊದಲು ಕೇಳಿಸಿತ್ತು. ಮೇಡಮ್ಮಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

"ಮೇಡಮ್ಮಾರಿಗೇನಾತೋ," ಎಂದು ಚಿಕ್ಕಲಕ್ಷ್ಮಮ್ಮ ಗಾಬರಿಬಿದ್ದು ನೀರು ತರಲು ಓಡಿದಳು. ಮಕ್ಕಳಿಗೆ ಅಷ್ಟೇ ಬೇಕಾಗಿತ್ತು, ಸೋರೆಕಾಯಿ ತಪ್ಪಿತು.

ಶುಕ್ರವಾರ ಒಂಬತ್ತನೇ ತರಗತಿಯಲ್ಲಿ ಅವರ ಕೊನೆಯ ಅರ್ಥಶಾಸ್ತ್ರ. ಪಾಠ ಎಲ್ಲಿಯವರೆಗೆ ಬಂದಿದೆ ನೋಡಿಕೊಳ್ಳಲಿ ಎಂದು ಜಯರಾಮಯ್ಯನವರು ಮೋಹನ್ ಕುಮಾರನನ್ನೂ ಕಳಿಸಿದ್ದರು. ಅವನು ಹಿಂದಿನ ಬೆಂಚಿನಲ್ಲಿ ಉದ್ದ ಕಾಲು ಮಡಿಸಿಕೊಂಡು ಕಷ್ಟದಲ್ಲಿ ಕೂತ. ಮೇಡಂ ಬೋರ್ಡಿನ ಮೇಲೆ ದೊಡ್ಡದಾಗಿ ಬೇಡಿಕೆ ಎಂದು ಬರೆದು, ತಿರುಗಿ ಕೇಳಿದರು.

"ಇದರ ಅರ್ಥ ಏನು? ಪುಸ್ತಕದಲ್ಲಿರೋದು ಬೇಡ. ನಿಮ್ಮ ಮನಸ್ಸಲ್ಲಿರೋದು ಹೇಳಿ. ಯಾರಿಗೂ ಬೈಯಲ್ಲ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಬೈಯಲ್ಲ ಎಂದ ಮೇಷ್ಟ್ರುಗಳು ಬೈಯುವುದೇ ಹೆಚ್ಚು ಎಂಬುದು ಅವರ ಅನುಭವ. ಮೇಡಂ ಕಿಟಕಿ ಕಡೆ ನೋಡಿದರು. "ತೇಜಸ್ವಿನಿ, ನೀನು ಹೇಳಮ್ಮ. ನಿನ್ನ ಬಾಯಿಂದಲೇ ಕೇಳಬೇಕು ನಾನು."

ಹುಡುಗಿ ನಿಧಾನವಾಗಿ ಎದ್ದಳು. "ಮಿಸ್, ಕನ್ನಡ ಸಾರ್ ವ್ಯಾಕರಣದಾಗೆ ಹೇಳ್ಕೊಟ್ಟವ್ರೆ. ಹೇಳೋದು ಹೇಳಿಕೆ. ನಂಬೋದು ನಂಬಿಕೆ. ಅಂಗೇ ಬೇಡ ಅನ್ನೋದು ಬೇಡಿಕೆ. ಅಂತೇ ಕದಾ ಮಿಸ್?"

ಎಷ್ಟು ಚೆನ್ನಾಗಿ ಹೇಳಿದಳು! ಮೇಡಮ್ಮಿಗೆ ಅವಳನ್ನು ಅಪ್ಪಿಕೊಳ್ಳೋಣ ಎನಿಸಿತು. "ಹಾಗಾದ್ರೆ ದಾರಿಯಲ್ಲಿ ಬಾವುಟ ಹಿಡಿದು ನಮ್ಮ ಬೇಡಿಕೆ ಈಡೇರಿಸಿ ಅಂತ ಕೂಗ್ತಾರಲ್ಲ, ಅದೇನು?"

"ಅವ್ರೂ ಅದು ಬ್ಯಾಡ, ಇದು ಬ್ಯಾಡ ಅಂತ್ಲೇ ಅಲ್ವಾ ಮಿಸ್ ಕೂಗೋದು?" ಎಂದ ಮುಂದಿನ ಬೆಂಚಿನವನು.

ಹಿಂದಿನ ಬೆಂಚಿನಲ್ಲಿ ಮೋಹನ್ ಕುಮಾರ್ ಗೊಳ್ಳೆಂದು ನಕ್ಕ, ಆಮೇಲೆ ಕೆಮ್ಮಿದ ಹಾಗೆ ನಟಿಸಿದ. ತರಗತಿಯ ಬಿಗಿ ಸಡಿಲವಾಯಿತು.

ಮೇಡಂ ಬೇಡ ಎಂದು ಬರೆದು ಅದರ ಪಕ್ಕ ಬೇಡು ಎಂದು ಬರೆದರು. "ನೋಡಿ ಮಕ್ಕಳೇ, ನೀವು ಯೋಚನೆ ಮಾಡಿದ್ದು ನೂರಕ್ಕೆ ನೂರು ಸರಿ. ಬೆಲೆ ಏರಿದ್ರೆ ಬೇಡ ಅನ್ನೋರು ಜಾಸ್ತಿ ಆಗ್ತಾರೆ. ಆದರೆ ಈ ಪದ ಹುಟ್ಟಿದ್ದು ಬೇಡ ಅನ್ನೋದರಿಂದ ಅಲ್ಲ, ಬೇಡು ಅನ್ನೋದರಿಂದ. ಬೇಡೋದು, ಅಂದ್ರೆ ಕೇಳೋದು. ನಂಗೆ ಬೇಕು, ಕೊಡಿ ಅಂತ ಕೇಳೋದು."

ತರಗತಿಯೇ ಹಣೆ ಚಚ್ಚಿಕೊಂಡಿತು. "ಥೂ, ಉಲ್ಟಾ ಆಗೋಯ್ತಲ್ಲೋ!" "ಲೇ, ಅದಕ್ಕೇ ಕಣ್ಲಾ ಮಿಸ್ಸು ಗೆರೆ ಕೆಳಗೆ ಎಳ್ದಿದ್ದು!" "ನಾನು ಮಿಸ್ಸೇ ಬಾಯ್ತಪ್ಪಿ ಹೇಳ್ಬುಟ್ರು ಅನ್ಕೊಂಡಿದ್ದೆ." ಮುಂದಿನ ಬೆಂಚಿನವನು ಮತ್ತೆ ಕೈಯೆತ್ತಿದ. "ಬೇಡೋದು ಅಂದ್ರೆ ಭಿಕ್ಸೆ ಬೇಡೋದಲ್ವಾ ಮಿಸ್?"

"ಒಳ್ಳೇ ಪ್ರಶ್ನೆ. ಜೇಬಲ್ಲಿ ಕಾಸಿಲ್ಲದೆ ಕೇಳಿದ್ರೆ ಅದು ಬರೀ ಆಸೆ. ಕಾಸೂ ಇದ್ದು, ಕೊಡೋ ಮನಸ್ಸೂ ಇದ್ದು ಕೇಳಿದ್ರೆ ಬೇಡಿಕೆ," ಎಂದರು ಮೇಡಂ. ಇದನ್ನು ಅವರು ಎಲ್ಲೋ ಓದಿದ್ದೇ, ಆದರೆ ಹೀಗೆ ತಮ್ಮ ಬಾಯಿಂದ ಬಂದದ್ದು ಇವತ್ತು. ಮೋಹನ್ ಕುಮಾರ್ ತನ್ನ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡ.

ತೇಜಸ್ವಿನಿ ಕೂತಿರಲಿಲ್ಲ. ಏನನ್ನೋ ಮೆಲುಕು ಹಾಕುತ್ತಿದ್ದವಳು ತಟ್ಟನೆ ಕೂಗಿದಳು. "ಮಿಸ್! ಗಿರಾಕಿ! ಗಿರಾಕಿ ಅನ್ರಿ ಮತ್ತೆ! ನಮ್ಮೂರಾಗೆ ಕಡ್ಲೆಕಾಯಿಗೆ ಒಳ್ಳೆ ಗಿರಾಕಿ ಐತೆ ಅಂತಾರೆ. ಅದೇ ಇದು!"

"ಗಿರಾಕಿ ಅಂದ್ರೆ ಅಂಗಡಿಗೆ ಬರೋನು ಕಣೇ," ಎಂದಳು ಪಕ್ಕದವಳು.

"ಅವ್ನು ಬಂದ್ರೆ ತಾನೇ ಇದು ಇರೋದು! ಮಿಸ್, ಮೊದ್ಲೇ ಗಿರಾಕಿ ಅಂದಿದ್ರೆ ನಂಗೆ ಅವತ್ತೇ ತಿಳ್ದೋಗ್ತಿತ್ತು." ಕಣ್ಣಲ್ಲಿ ಮಿಂಚು ವಾಪಸ್ಸು ಬಂದಿತ್ತು. ಬೋರ್ಡಿನ ಬಳಿ ಓಡಿ ಬಂದು ಕೇಳದೆಯೇ ಸೀಮೆಸುಣ್ಣ ತೆಗೆದುಕೊಂಡು, ಮೇಲಿಂದ ಕೆಳಕ್ಕೆ ಸರ್ರನೆ ಒಂದು ಗೆರೆ ಎಳೆದಳು. "ಬೆಲೆ ಏರ್ತು, ಗಿರಾಕಿ ಬಿತ್ತು. ಬೆಲೆ ಬಿತ್ತು, ಗಿರಾಕಿ ಏರ್ತು." ಮಕ್ಕಳು ಚಪ್ಪಾಳೆ ಹೊಡೆದವು. ನಜ್ಮುನ್ನೀಸಾ ಅವರ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಗೆರೆ ಎಳೆದವಳು ತಿರುಗಿ, "ಅಂಗಾದ್ರೆ ನಾವು ಬರ್ದಿದ್ದು ಸರೀನಾ ತಪ್ಪಾ ಮಿಸ್?" ಎಂದಳು.

"ಯೋಚನೆ ಸರಿ, ಪದ ತಪ್ಪು. ನಾಳೆ ದೊಡ್ಡ ಪರೀಕ್ಷೆಯಲ್ಲಿ ಪೇಪರು ತಿದ್ದೋರಿಗೆ ನಿಮ್ಮ ಯೋಚನೆ ಕಾಣಲ್ಲ, ಪದ ಕಾಣತ್ತೆ. ಅದಕ್ಕೆ ಸುಮ್ನೆ ಮಾರ್ಕ್ಸು ಕೊಡೋದಿಲ್ಲ. ಇನ್ನೊಂದು ಟೆಸ್ಟು ಕೊಡ್ತೀನಿ. ಎಲ್ಲರೂ ಬರೀರಿ."

"ಯಾವಾಗ ಮಿಸ್? ಸೋಮವಾರಾನಾ?"

ಮೇಡಂ ಕೊಡುತ್ತೇನೆ ಎಂದುಬಿಟ್ಟಿದ್ದರು. ಸೋಮವಾರ ಈ ಕೋಣೆಗೆ ಬರುವವರು ತಾವಲ್ಲ ಎಂಬುದು ಈ ಗಲಾಟೆಯಲ್ಲಿ ಪೂರ್ತಿ ಮರೆತೇ ಹೋಗಿತ್ತು. ಮೋಹನ್ ಕುಮಾರ್ ತಲೆ ತಗ್ಗಿಸಿ ಬೆಂಚಿನ ಮೇಲಿನ ಕೆತ್ತನೆ ನೋಡತೊಡಗಿದ. "ನೋಡೋಣ," ಎಂದು ಮೇಡಂ ಹೇಳುವುದಕ್ಕೂ ಬೆಲ್ಲು ಹೊಡೆಯುವುದಕ್ಕೂ ಸರಿಹೋಯಿತು.

ಜಯರಾಮಯ್ಯನವರ ಕೋಣೆಗೆ ಇಬ್ಬರೂ ಒಟ್ಟಿಗೇ ಹೋದರು. ಹೆಡ್ ಮಾಸ್ಟರು ಹೊಸ ವೇಳಾಪಟ್ಟಿಯ ಹಾಳೆಯ ಬೆನ್ನಿಗೆ ಗೋಂದು ಹಚ್ಚುತ್ತಿದ್ದರು. ಎರಡು ಬೆರಳಿಗೂ ಗೋಂದು.

"ಏನ್ ಮೇಡಂ, ಕ್ಲಾಸಲ್ಲಿ ಭಾರೀ ಗದ್ಲ ಇತ್ತು? ಇರ್ಲಿ ಬುಡಿ, ಸೋಮವಾರದಿಂದ ನಿಮ್ಗೆ ಆರಾಮು. ಮೋಹನ್ ಕುಮಾರ್, ಎಲ್ಲೀಗಂಟ ಆಗೈತೆ ನೋಡ್ಕೊಂಡ್ರಾ?"

ಮೋಹನ್ ಕುಮಾರ್ ಬಾಯಿ ತೆರೆದ. ಅವನು ತಮ್ಮ ಪರವಾಗಿ ಏನೋ ಒಳ್ಳೆಯ ಮಾತು ಹೇಳಲಿದ್ದಾನೆ ಎಂದು ಮೇಡಮ್ಮಿಗೆ ಗೊತ್ತಾಯಿತು. ಹೇಳಲಿ ಎಂದು ಸುಮ್ಮನಿದ್ದರೆ ಆಗುತ್ತಿತ್ತು. ಇಷ್ಟು ವರ್ಷ ಹಾಗೇ ನಡೆದುಕೊಂಡು ಬಂದಿದ್ದರು. ಯಾವ ತರಗತಿ ಕೊಟ್ಟರೆ ಅದು, ಯಾವ ಕೆಲಸ ಹೊರಿಸಿದರೆ ಅದು, ಆಗಲಿ ಸಾರ್. ಆದರೆ ಇದು ಅವರದ್ದು. ಬೇರೆಯವರು ಕೇಳಿ ಕೊಡಿಸುವಂಥದ್ದಲ್ಲ.

"ಸಾರ್, ಒಂದು ನಿಮಿಷ," ಎಂದು ಮೋಹನ್ ಕುಮಾರನನ್ನು ತಡೆದರು. "ಒಂಬತ್ತನೇ ಕ್ಲಾಸಿನ ಅರ್ಥಶಾಸ್ತ್ರ ನಂಗೆ ಬೇಕು ಸಾರ್."

ಜಯರಾಮಯ್ಯನವರ ಗೋಂದಿನ ಬೆರಳು ಗಾಳಿಯಲ್ಲೇ ನಿಂತಿತು. "ಬೇಕಾ?"

"ಬೇಕು. ಆ ಮಕ್ಕಳು ಫೇಲಾಗಿದ್ದು ದಡ್ಡತನದಿಂದ ಅಲ್ಲ. ನಾನು ಒಂದು ಪದ ಬಿಡಿಸಿ ಹೇಳಲಿಲ್ಲ. ಇವತ್ತು ಹೇಳಿದೆ, ಅವಕ್ಕೆ ಗೊತ್ತಾಯ್ತು. ಇನ್ನೊಂದು ಟೆಸ್ಟು ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ಟೆಸ್ಟಿಗಾಗಿ ಅಂತಲೂ ಅಲ್ಲ ಸಾರ್. ನಂಗೆ ಆ ಪಾಠ ಅಂದ್ರೆ ಆಸೆ. ಇಷ್ಟು ವರ್ಷದಲ್ಲಿ ನಿಮ್ಮ ಹತ್ರ ನಾನು ಏನೂ ಕೇಳಿಲ್ಲ. ಇದೊಂದು ಕೇಳ್ತಿದೀನಿ."

ಹೇಳಿ ಮುಗಿಸಿದಾಗ ಅವರಿಗೇ ಆಶ್ಚರ್ಯ. ಜಯರಾಮಯ್ಯನವರು ಹಾಳೆಯನ್ನು ಮೇಜಿನ ಮೇಲಿಡಲು ಹೋದರು, ಅದು ಬೆರಳಿಗೇ ಅಂಟಿಕೊಂಡು ಬಂತು. ಕೊಡವಿದರು. ಮತ್ತೆ ಕೊಡವಿದರು.

"ಅಲ್ರೀ ಮೇಡಂ, ಇದನ್ನ ಅವತ್ತೇ ಹೇಳ್ಬಾರ್ದಾಗಿತ್ತಾ?" ಎಂದರು, ಬೇಜಾರಿನಲ್ಲೇ. "ಟೀ ಕುಡುದ್ರಿ, ಆಗ್ಲಿ ಸಾರ್ ಅಂದ್ರಿ, ಎದ್ದೋದ್ರಿ. ನೀವು ಬಾಯ್ಬುಟ್ಟು ಕೇಳ್ಲಿಲ್ಲ, ಅದಕ್ಕೆ ನಾನು ನಿಮ್ಗೇ ಬ್ಯಾಡ ಅಂತ ತಿಳ್ಕೊಂಡ್ಬುಟ್ಟೆ."

ಮೋಹನ್ ಕುಮಾರ್ ನಗು ತಡೆಯಲಾರದೆ ಬಾಗಿಲ ಕಡೆ ತಿರುಗಿದ. ಹೆಡ್ ಮಾಸ್ಟರಿಗೆ ನಗು ಯಾಕೆ ಎಂದು ಗೊತ್ತಾಗಲಿಲ್ಲ. ಮೇಡಮ್ಮಿಗೆ ಗೊತ್ತಾಯಿತು, ಆದರೆ ನಗು ಬರಲಿಲ್ಲ, ಕಣ್ಣು ತುಂಬಿ ಬಂತು.

"ಸರಿ ಬುಡಿ," ಎಂದು ಜಯರಾಮಯ್ಯನವರು ಬೆರಳಿಗಂಟಿದ ಹಾಳೆಯನ್ನು ಕಿತ್ತು, ಮಡಿಸಿ, ಕಸದ ಬುಟ್ಟಿಗೆ ಹಾಕಿದರು. "ಮೋಹನ್ ಕುಮಾರ್ ಹತ್ತನೇ ಕ್ಲಾಸಿಗೆ ತಗೊಳ್ಳಲಿ. ಒಂಬತ್ತನೇದು ನಿಮ್ದೇ."

ಸೋಮವಾರ ಪಾವಗಡದ ಬಸ್ಸು ಸ್ವಲ್ಪ ತಡವಾಗಿಯೇ ಬಂತು. ಆದರೂ ಮೊದಲ ಪಿರಿಯಡ್ಡಿನ ಬೆಲ್ಲು ಹೊಡೆದು ಮಕ್ಕಳು ಗುಂಪಾಗಿ ಒಳಗೆ ನುಗ್ಗಿದಾಗ, ನಜ್ಮಾ ಮಿಸ್ ಬಸ್ಸಿಳಿದು ಬಿರಬಿರನೆ ನಡೆದು ಆಗಲೇ ಬಂದು ಬೋರ್ಡು ಒರೆಸುತ್ತಿದ್ದರು.